ಹಲಗೆ ಇಳಿಯುವ ಹೊತ್ತು

ಆಲ್ಡರ್ ಹಳ್ಳದ ಸಭಾಮನೆಯಲ್ಲಿ ಟೇಸಿ ಕೂರುತ್ತಿದ್ದದ್ದು ಕಟ್ಟಕಡೆಯ ಬೆಂಚಿನಲ್ಲಿ, ಬಾಗಿಲಿಗೆ ಅಂಟಿಕೊಂಡ ತುದಿಯಲ್ಲಿ. ಆ ಜಾಗವನ್ನು ಯಾರೂ ಅವಳಿಗೆ ಬರೆದುಕೊಟ್ಟಿರಲಿಲ್ಲ. ಆದರೂ ಅವಳು ಜ್ವರ ಬಂದು ಮನೆಯಲ್ಲಿ ಮಲಗಿದ ದಿನ ಕೂಡ ಅಲ್ಲಿ ಬೇರೆಯವರು ಕೂರುತ್ತಿರಲಿಲ್ಲ. ಹತ್ತಿರ ಹತ್ತಿರ ನಲವತ್ತು ವರ್ಷ ಆ ಮರದ ತುದಿ ಅವಳ ಮೈಯ ಬಿಸಿಯನ್ನು ಕಂಡಿತ್ತು. ಮದುವೆಯಾದಾಗ ಮೂಡಿರದ ನರೆ ಈಗ ಟೋಪಿಯ ಅಂಚಿನಿಂದ ಇಣುಕುತ್ತಿತ್ತು.

ಮಿತ್ರರ ಸಭೆ ಎಂದರೆ ಅಲ್ಲಿ ಪಾದ್ರಿಯಿಲ್ಲ, ಗಂಟೆಯಿಲ್ಲ, ಹಾಡಿಲ್ಲ. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ಸುಮ್ಮನೆ ಕೂರುತ್ತಾರೆ. ಯಾರೊಳಗಾದರೂ ಬೆಳಕು ಮೂಡಿದರೆ ಅವರು ಎದ್ದು ನಾಲ್ಕು ಮಾತಾಡುತ್ತಾರೆ, ಇಲ್ಲದಿದ್ದರೆ ಅದೂ ಇಲ್ಲ. ಹೊರಗಿನವರು ಇವರನ್ನು ಕ್ವೇಕರರು, ಎಂದರೆ ನಡುಗುವವರು, ಎಂದು ಆಡಿಕೊಳ್ಳುತ್ತಿದ್ದರು. ದೇವರ ಮುಂದೆ ಎಲ್ಲರೂ ಒಂದೇ ಎಂದು ನಂಬಿದ ಜನ ಇವರು, ಆದ್ದರಿಂದ ಇವರ ಬಾಯಲ್ಲಿ ‘ನೀವು’ ಎಂಬುದೇ ಹೊರಡದು. ಗವರ್ನರನಿಗೂ ನೀನು, ಗಾಡಿಯ ಕುದುರೆಗೂ ನೀನು. ಆಣೆ ಇಡುವುದಿಲ್ಲ, ಏಕೆಂದರೆ ಆಡುವ ಮಾತೆಲ್ಲ ನಿಜವೇ ಆಗಿರುವಾಗ ಆಣೆಯ ದರ್ದೇನು? ಇದು ಅವರ ವಾದ. ಒಪ್ಪದೇ ಇರುವುದು ಕಷ್ಟ. ಅವರ ಜೊತೆ ಸಂಸಾರ ಮಾಡುವುದು ಇನ್ನೂ ಕಷ್ಟ.

ತಿಂಗಳಿಗೊಮ್ಮೆ ಪ್ರಾರ್ಥನೆಯ ಬೆನ್ನಿಗೇ ಸಭೆಯ ವ್ಯವಹಾರ ನಡೆಯುತ್ತಿತ್ತು. ಹಿರಿಯರಿಬ್ಬರು ಕೈ ಕುಲುಕಿದರೆ ಪ್ರಾರ್ಥನೆ ಮುಗಿಯಿತೆಂದು ಅರ್ಥ. ಆಮೇಲೆ ಮನೆಯ ನಡುವಿನ ಹಲಗೆಗಳನ್ನು ಹಗ್ಗ ಬಿಟ್ಟು ಕೆಳಕ್ಕಿಳಿಸುತ್ತಿದ್ದರು, ಗಂಡಸರ ವ್ಯವಹಾರ ಆಚೆ, ಹೆಂಗಸರದು ಈಚೆ. ಹೆಂಗಸರ ಸಭೆಯ ಮುಖ್ಯಸ್ಥೆ ಡೆಬೊರಾ ಎದ್ದು ನಿಂತು, “ನಮ್ಮವರಲ್ಲದವರು ದಯವಿಟ್ಟು ಹೊರಗಿರಲಿ” ಎನ್ನುತ್ತಿದ್ದಳು. ಅದನ್ನವಳು ಗೋಡೆಯನ್ನು ನೋಡುತ್ತ ಹೇಳುತ್ತಿದ್ದಳು, ಏಕೆಂದರೆ ಅಲ್ಲಿ ನಮ್ಮವರಲ್ಲದವಳು ಎಂದರೆ ಟೇಸಿ ಒಬ್ಬಳೇ. ಟೇಸಿ ಶಾಲು ಹೊದ್ದು ಎದ್ದು, ಸದ್ದಾಗದಂತೆ ಬಾಗಿಲೆಳೆದುಕೊಂಡು ಹೋಗಿ, ಕುದುರೆ ಹತ್ತುವ ಕಲ್ಲಿನ ಮೇಲೆ ಕೂರುತ್ತಿದ್ದಳು.

ಇಷ್ಟಕ್ಕೆಲ್ಲ ಕಾರಣ ಯೋಸ್ಟ್.

ಯೋಸ್ಟ್ ಜರ್ಮನ್ ಕುಂಬಾರ. ಕೆಂಪು ಮಣ್ಣಿನ ತಟ್ಟೆಗಳ ಮೇಲೆ ಹಳದಿ ಟ್ಯೂಲಿಪ್ ಹೂ ಬರೆಯುತ್ತಿದ್ದ, ಲೂಥರನ ಪಂಗಡದವನು. ಪೆನ್ಸಿಲ್ವೇನಿಯಾಕ್ಕೆ ಅವನಂಥವರು ಹಡಗುಗಟ್ಟಲೆ ಬಂದಿಳಿಯುತ್ತಿದ್ದ ಕಾಲ ಅದು. ಬಂದವರನ್ನು ಮಿತ್ರರು ಬೇಡವೆನ್ನಲಿಲ್ಲ. ಟೇಸಿಯ ಅಜ್ಜಿಯನ್ನು ಬಾಸ್ಟನ್ನಿನ ಪ್ಯೂರಿಟನ್ ಪಂಥದವರು, ಮಿತ್ರಳಾದ ತಪ್ಪಿಗೆ, ಗಾಡಿಯ ಹಿಂದೆ ಕಟ್ಟಿ, ಊರಿಂದೂರಿಗೆ ಚಾವಟಿಯಲ್ಲಿ ಹೊಡೆಯುತ್ತ ಓಡಿಸಿದ್ದರು. ಮುದುಕಿ ಸಾಯುವವರೆಗೂ ಬೆನ್ನಡಿಯಾಗಿ ಮಲಗಲಿಲ್ಲ. ಅಂಥವರ ಮಕ್ಕಳು ಕಟ್ಟಿದ ನಾಡು ಇದು. ಯಾರ ದೇವರು ಅವರವರಿಗಿರಲಿ, ನೆಮ್ಮದಿಯಾಗಿರಿ ಎಂದು ಅವರು ಸಾರಿದ್ದರು. ಲೂಥರನವರು ಬಂದರು, ಮೆನ್ನೊನೈಟರು ಬಂದರು, ಪೋಪನ ಕಡೆಯವರೂ ಬಂದು ಫಿಲಡೆಲ್ಫಿಯಾದಲ್ಲಿ ತಮ್ಮ ಪೂಜೆ ನಡೆಸಿದರು. ನೆರೆಯವನು ಏನನ್ನಾದರೂ ನಂಬಲಿ, ಅಳಿಯನಾಗದಿದ್ದರೆ ಸಾಕಿತ್ತು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ.

ಯೋಸ್ಟ್ ಪ್ರಯತ್ನಪಡಲಿಲ್ಲವೆಂದಲ್ಲ. ಸಭೆಗೆ ಸೇರಿಸಿಕೊಳ್ಳಲಿ ಎಂದು, ಟೇಸಿಗಾಗಿ ಒಂದು ವರ್ಷ ಪ್ರತಿ ಮೊದಲ ದಿನವೂ ಬಂದು ಕೂತ. ಭಾನು ಎಂದರೆ ಸೂರ್ಯದೇವರಲ್ಲವೇ, ಆ ಹೆಸರನ್ನೂ ಮಿತ್ರರು ಬಾಯಲ್ಲಿ ತಾರರು, ಅವರಿಗೆ ಭಾನುವಾರ ಬರಿಯ ಮೊದಲ ದಿನ. ಮಿತ್ರರು ಮರ್ಯಾದೆಗೆಂದು ಟೋಪಿ ತೆಗೆಯುವವರಲ್ಲ, ನೀನೂ ತೆಗೆಯಬೇಡ ಎಂದು ಟೇಸಿ ಹೇಳಿಕೊಟ್ಟಿದ್ದಳು. ಚಿಕ್ಕಂದಿನ ಅಭ್ಯಾಸ, ಕೈ ಸುಮ್ಮನಿರದೆ ಟೋಪಿಯತ್ತ ಹೋಗುತ್ತಿತ್ತು, ಹೆಂಗಸರ ಕಡೆಯಿಂದ ಟೇಸಿ ಕಣ್ಣು ಬಿಟ್ಟರೆ ತಟ್ಟನೆ ಇಳಿಯುತ್ತಿತ್ತು. ಎಲ್ಲ ಸರಿಹೋಗುತ್ತಿದೆ ಎನ್ನುವಾಗ, ಸೇಬಿನ ಮರಗಳು ಹೂಬಿಟ್ಟಿದ್ದ ಒಂದು ಬೆಳಗ್ಗೆ, ಆ ಮೌನದ ನಡುವೆ ಯೋಸ್ಟ್ ಎದ್ದು ನಿಂತ. ಬೆಳಕು ಮೂಡಿತೆಂದು ಹಿರಿಯರು ಹಿಗ್ಗಿದರು. ಯೋಸ್ಟ್ ಕಣ್ಣು ಮುಚ್ಚಿ, ಜರ್ಮನಿನಲ್ಲಿ, ಎದೆ ತುಂಬಿ ಹಾಡಿದ. ಒಂದು ನುಡಿಯಲ್ಲ, ಪೂರ್ತಿ ಹಾಡು. ಗೋಡೆಗಳು ಹುಟ್ಟಿದಂದಿನಿಂದ ಅಂಥದ್ದನ್ನು ಕೇಳಿರಲಿಲ್ಲ. ಮಕ್ಕಳು ಬಾಯಿ ಬಿಟ್ಟುಕೊಂಡು ನೋಡಿದರು, ಒಬ್ಬ ಮುದುಕ ಬೆಂಕಿ ಬಿತ್ತೆಂದು ಎದ್ದೇಬಿಟ್ಟ. ಟೇಸಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಅದೇ ಹೊತ್ತಿಗೆ, ಇಂಥವನನ್ನು ಬಿಟ್ಟು ತಾನು ಬೇರೆ ಯಾರನ್ನೂ ಕಟ್ಟಿಕೊಳ್ಳಲಾರೆ ಎಂದೂ ಖಾತ್ರಿಯಾಯಿತು.

“ಒಳ್ಳೇ ಮನುಷ್ಯ, ಆದ್ರೆ ಅವನಲ್ಲಿ ಇನ್ನೂ ರಾಗ ಉಳಿದಿದೆ” ಎಂದು ಹಿರಿಯರು ತೀರ್ಮಾನಿಸಿದರು.

“ಒಳಗಿಂದ ಬಂದ್ರೆ ಬಾಯಿ ತೆರೀಬಹುದು ಅಂದ್ರಲ್ಲ? ನನಗೆ ಬಂದದ್ದೇ ಹಾಡಾಗಿ ಬಂತು. ನಾನೇನು ಮಾಡ್ಲಿ ಟೇಸಿ?” ಎಂದು ಯೋಸ್ಟ್ ಕೇಳಿದ್ದ. ಸುಗ್ಗಿ ಮುಗಿದ ಮೇಲೆ ಲೂಥರನ ಪಾದ್ರಿಯ ಮುಂದೆ ಮದುವೆಯಾಯಿತು.

ಹೀಗೆ ಹೊರಗಿನವರನ್ನು ಮದುವೆಯಾದವರ ಮನೆಗೆ ಸಭೆಯವರು ವಿಚಾರಿಸಲು ಇಬ್ಬರನ್ನು ಕಳಿಸುತ್ತಾರೆ. ಬಂದ ಇಬ್ಬರಲ್ಲಿ ಒಬ್ಬಳು ಟೇಸಿಯ ಸ್ವಂತ ಅಕ್ಕ ಬ್ಯೂಲಾ. ಯೋಸ್ಟ್ ಮಡಕೆ ಮಾರಲು ಪೇಟೆಗೆ ಹೋಗಿದ್ದ. ಟೇಸಿ ಒಬ್ಬಳೇ ಇದ್ದಳು, ಮೊಣಕೈವರೆಗೆ ಮಣ್ಣು. ಮಾಡಿದ್ದಕ್ಕೆ ಪಶ್ಚಾತ್ತಾಪ ಇದೆಯಾ ಎಂದು ಬ್ಯೂಲಾ ಕೇಳಿದಳು. ಇಲ್ಲ ಎಂದಳು ಟೇಸಿ. ಬ್ಯೂಲಾ ಹೋಗಿ ಅದನ್ನು ಒಂದಕ್ಷರ ಕೂಡಿಸದೆ ಕಳೆಯದೆ ಸಭೆಗೆ ಒಪ್ಪಿಸಿದಳು. ಅಲ್ಲಿಗೆ ಟೇಸಿ ಹೊರಗಿನವಳಾದಳು.

ಬಾಳು ಕೆಟ್ಟದಾಗಿತ್ತೆಂದು ಅವಳು ಯಾರ ಮುಂದೂ ಹೇಳಲಾರಳು. ಯೋಸ್ಟ್ ಗೂಡಿಗೆ ಬೆಂಕಿ ಹಾಕುವಾಗ ಹಾಡುತ್ತಿದ್ದ, ಹಿತ್ತಾಳೆ ಹಂಡೆಯಲ್ಲಿ ಸೇಬಿನ ಲೇಹ್ಯ ಕುದಿಯುವಾಗ ದೊಡ್ಡ ಸೌಟು ತಿರುಗಿಸುತ್ತ ಹಾಡುತ್ತಿದ್ದ. “ನೀನೂ ಒಂದು ಸಾಲು ಹೇಳೇ, ಕತ್ತೆಗೂ ರಾಗ ಇರುತ್ತೆ” ಎಂದು ಕಾಡುತ್ತಿದ್ದ. ಅವಳ ಗಂಟಲಿನಿಂದ ಒಂದು ದಿನವೂ ಸ್ವರ ಹೊರಡಲಿಲ್ಲ. ಅವನ ಇಗರ್ಜಿಯಲ್ಲಿ ಎಲ್ಲರೂ ಹಾಡುವಾಗ ಅವಳು ತುಟಿ ಬಿಗಿದು ನಿಲ್ಲುತ್ತಿದ್ದಳು, ಅಲ್ಲೂ ಹೊರಗಿನವಳೇ. ಮೊದಲ ದಿನ ಬಂದರೆ ಕಾಲು ತಾನಾಗಿ ಸಭಾಮನೆಯ ದಾರಿ ಹಿಡಿಯುತ್ತಿತ್ತು. ಪ್ರಾರ್ಥನೆಗೆ ಯಾರಿಗೂ ಬಾಗಿಲು ಮುಚ್ಚಿರಲಿಲ್ಲ. ಹಲಗೆ ಇಳಿಯುವವರೆಗೆ.

ಆ ಹಲಗೆಯ ಹಿಂದಿನ ಹೊತ್ತು ಅವಳಿಗೆ ಬೇಕಿತ್ತು. ಟೇಸಿ ಚಿಕ್ಕವಳಿದ್ದಾಗ ಮುಖ್ಯಸ್ಥೆಯಾಗಿದ್ದವಳು ಅವ್ವನೇ. ಚಳಿಗಾಲದಲ್ಲಿ ಹೆಂಗಸರೆಲ್ಲ ಕಾಲಡಿಗೆ ಬಿಸಿ ಇಟ್ಟಿಗೆ ಇಟ್ಟುಕೊಂಡು ಒತ್ತೊತ್ತಾಗಿ ಕೂರುತ್ತಿದ್ದರು. ಒದ್ದೆ ಉಣ್ಣೆಯ ವಾಸನೆ, ಯಾರದೋ ಜೇಬಿನ ಒಣಸೇಬಿನ ವಾಸನೆ. ಯಾರ ಮನೆಯಲ್ಲಿ ಹಿಟ್ಟಿಲ್ಲ, ಯಾರ ಹಸು ಸತ್ತಿದೆ, ಯಾರ ಬಾಣಂತನಕ್ಕೆ ಯಾರು ಹೋಗಬೇಕು ಎಂದು ಅಲ್ಲಿ ಮಾತಾಗುತ್ತಿತ್ತು. ಬ್ಯೂಲಾ ಮತ್ತು ಟೇಸಿ ಒಂದೇ ಶಾಲಿನಲ್ಲಿ ಮುದುರಿ, ಅವ್ವ ನೋಡದಾಗ ಒಬ್ಬರನ್ನೊಬ್ಬರು ಚಿವುಟುತ್ತಿದ್ದರು. ಆ ಶಾಲಿನ ಬಿಸಿ ನೆನೆದರೆ ಈಗಲೂ ಟೇಸಿಯ ಕಣ್ಣು ತುಂಬುತ್ತಿತ್ತು.

ಯೋಸ್ಟ್ ಹೋದ ಚಳಿಗಾಲದಲ್ಲಿ ತೀರಿಕೊಂಡ. ಹಾಡಿಲ್ಲದ ಮನೆ ಬಾವಿಯಂತಾಯಿತು. ಮಂಜು ಕರಗಿದ ಮೇಲೆ ಬ್ಯೂಲಾ ಕೋಲೂರಿಕೊಂಡು ಬಂದಳು.

“ಇನ್ನೆಷ್ಟು ವರ್ಷ ಆ ಕಲ್ಲಿನ ಮೇಲೆ ಕೂರ್ತೀಯ? ಸಾಯೋ ಮುಂಚೆ ಒಂದ್ಸಲ ನನ್ನ ಪಕ್ಕ ಕೂತ್ಕೊಳ್ಳೇ” ಎಂದಳು.

“ಯೋಸ್ಟ್‌ನ ಮದುವೆಯಾದದ್ದು ತಪ್ಪಾಯ್ತು ಅನ್ಬೇಕಲ್ಲ ಅಕ್ಕ.”

“ಅವನ ಹೆಸರೇ ಎತ್ತಬೇಡ. ಕ್ರಮ ಮೀರಿದ್ದಕ್ಕೆ ವಿಷಾದ ಇದೆ ಅನ್ನು, ಸಾಕು. ಅವ್ವನಿಗೆ ನೋವಾಗಿದ್ದಕ್ಕೆ ವಿಷಾದ ಇಲ್ವಾ?”

“ಅದಿದೆ.”

“ಮತ್ತಿನ್ನೇನು? ಅದನ್ನೇ ಮನಸಲ್ಲಿಟ್ಕೊಂಡು ಇದನ್ನ ಹೇಳು.”

ನೇರ ನಡೆಯುವವರು ಅಡ್ಡದಾರಿ ಹುಡುಕಿದರೆ ಎಷ್ಟು ಅಂದವಾಗಿ ಹುಡುಕುತ್ತಾರೆ ನೋಡಿ. ಟೇಸಿಗೆ ಅದು ಗೊತ್ತಾಗದೇ ಇರಲಿಲ್ಲ. ಆದರೆ ಅಕ್ಕನ ಪಕ್ಕದ ಜಾಗ ಬೇಕಿತ್ತು, ತುಂಬ ಬೇಕಿತ್ತು. ಮುಂದಿನ ತಿಂಗಳ ಸಭೆಯಲ್ಲಿ, ಹಲಗೆ ಇಳಿದ ಮೇಲೆ, ಅವಳು ಹೆಂಗಸರ ಮುಂದೆ ನಿಂತು, “ನಾನು ಸಭೆಯ ಕ್ರಮ ಮೀರಿ ಮದುವೆಯಾದೆ. ಅದಕ್ಕೆ ನನಗೆ ವಿಷಾದವಿದೆ” ಎಂದಳು. ಬಿಸಿ ತುಪ್ಪ ಬಾಯಿಗೆ ಬಿದ್ದಂತಿತ್ತು. ನುಂಗಿದಳು. ಡೆಬೊರಾ ಬಂದು ಕೈ ಹಿಡಿದಳು, ಯಾರೋ ಬಿಕ್ಕಿದರು, ಬ್ಯೂಲಾ ಸರಿದು ಜಾಗ ಬಿಟ್ಟಳು. ಆವತ್ತು ಟೇಸಿ ಬ್ಯೂಲಾಳ ತೊಡೆಗೆ ತೊಡೆ ತಾಗಿಸಿ ಕೂತು, ಯಾರ ಹಸು ಸತ್ತಿದೆ ಎಂಬುದನ್ನು ಸ್ವರ್ಗದ ಸುದ್ದಿಯಂತೆ ಕೇಳಿದಳು.

ಸುಖವಾಗಿ ಮೂರು ತಿಂಗಳು ಕಳೆಯಿತು. ಅಷ್ಟರಲ್ಲಿ ಗಿರಣಿಯವರ ಮಗಳು ಫೀಬಿ, ಪ್ರೆಸ್ಬಿಟೇರಿಯನ್ ಪಂಗಡದ ಗಾಡಿ ಹುಡುಗನೊಬ್ಬನನ್ನು ಅವನ ಪಾದ್ರಿಯ ಮುಂದೆ ಮದುವೆಯಾದಳು. ಸಭೆ ಇಬ್ಬರನ್ನು ಆರಿಸಬೇಕಾಯಿತು.

“ಬ್ಯೂಲಾ ಹೋಗಲಿ. ಜೊತೆಗೆ ಟೇಸಿ. ಆ ದಾರಿಯ ಮುಳ್ಳು ಅವಳಿಗೆ ಗೊತ್ತು, ಹುಡುಗಿಗೆ ತಿಳಿಹೇಳ್ತಾಳೆ” ಎಂದಳು ಡೆಬೊರಾ. ಅವಳ ದನಿಯಲ್ಲಿ ಕುಚೋದ್ಯವಿರಲಿಲ್ಲ, ಇದೊಂದು ಗೌರವ ಎಂದೇ ಅವಳು ತಿಳಿದಿದ್ದಳು. ಹೆಂಗಸರೆಲ್ಲ ತಲೆಯಾಡಿಸಿದರು. ಆಗ ಟೇಸಿ ಎದ್ದು ಬೇಡ ಎನ್ನಬಹುದಿತ್ತು. ಹೊಸದಾಗಿ ಸಿಕ್ಕಿದ ಜಾಗ, ಬಾಯಿ ಬರಲಿಲ್ಲ.

ಫೀಬಿಯ ಮನೆ ಎಂದರೆ ದಿಮ್ಮಿ ಜೋಡಿಸಿದ ಒಂದೇ ಕೋಣೆ. ಹುಡುಗಿ ಜೋಳದ ರೊಟ್ಟಿ ಬೇಯಿಸುತ್ತಿದ್ದಳು, ಮೂಗಿನ ಮೇಲೆ ಹಿಟ್ಟು. ಗಂಡ ಗಾಡಿ ಕಟ್ಟಿಕೊಂಡು ಲ್ಯಾಂಕಾಸ್ಟರಿನ ಕಡೆ ಹೋಗಿದ್ದ. ಇಬ್ಬರು ಮುದುಕಿಯರನ್ನು ಬಾಗಿಲಲ್ಲಿ ಕಂಡ ಕೂಡಲೇ ಅವಳಿಗೆ ಎಲ್ಲ ತಿಳಿಯಿತು.

“ಬನ್ನಿ, ಕೂತ್ಕೊಳ್ಳಿ. ಎರಡೇ ಸ್ಟೂಲು ಇರೋದು, ನಾನು ನಿಂತೇ ಬೈಸ್ಕೋತೀನಿ” ಎಂದಳು.

“ಬೈಯೋಕೆ ಬಂದಿಲ್ಲ ಕಣೇ. ನಿನ್ನ ಕ್ಷೇಮಕ್ಕೇ ಬಂದಿರೋದು” ಎಂದಳು ಬ್ಯೂಲಾ.

“ನಮ್ಮ ಗಿರಣಿಗೆ ಎಲ್ಲಾ ಮತದವರೂ ಗೋಧಿ ತರ್ತಾರೆ ಬ್ಯೂಲಾ. ಹಿಟ್ಟಿಗೆ ಯಾವ ಮತ ಅಂತ ಅಪ್ಪ ಯಾವತ್ತೂ ಕೇಳಿಲ್ಲ. ನನ್ನ ಗಂಡನದ್ದು ಮಾತ್ರ ಯಾಕೆ ಕೇಳ್ಬೇಕು?”

“ಹಿಟ್ಟು ಬೇರೆ, ಮಕ್ಕಳು ಬೇರೆ. ಮಾಡಿದ್ದಕ್ಕೆ ನಿನಗೆ ಪಶ್ಚಾತ್ತಾಪ ಇದೆಯಾ, ಇಲ್ವಾ? ಅಷ್ಟು ಹೇಳು.”

ಫೀಬಿ ಕೈಯೊರೆಸಿಕೊಂಡಳು. ಬ್ಯೂಲಾಳನ್ನು ಬಿಟ್ಟು ಟೇಸಿಯ ಕಡೆ ತಿರುಗಿದಳು.

“ಟೇಸಿ, ನಿನಗಿದೆಯಾ?”

ಅದರಲ್ಲಿ ಕೊಂಕಿರಲಿಲ್ಲ. ಮುಂದಿನ ಬಾಳು ಹೇಗಿರುತ್ತದೆಂದು, ಆ ಬಾಳನ್ನು ಬಾಳಿ ಮುಗಿಸಿದವಳನ್ನು ಕೇಳಿದ್ದಳು, ಅಷ್ಟೇ. ಏನಾದರೂ ಹೇಳಿ ಜಾರಿಕೊಳ್ಳಬಹುದಿತ್ತು. ಅವ್ವನ ನೋವು ಎನ್ನಬಹುದಿತ್ತು, ಕ್ರಮ ಎನ್ನಬಹುದಿತ್ತು. ಆದರೆ ಟೇಸಿಗೆ ಅಷ್ಟು ವರ್ಷಗಳ ಬೆಳಗುಗಳು ಒಟ್ಟಿಗೇ ನೆನಪಾದವು. ಯೋಸ್ಟ್ ಸೇಬಿನ ಸೈಡರಿನ ಮೊದಲ ಕಪ್ಪನ್ನು ಯಾವಾಗಲೂ ಅವಳಿಗೇ ಕೊಡುತ್ತಿದ್ದ. ಹುಟ್ಟಿ ಸತ್ತ ಮಗುವನ್ನು ಎದೆಗವಚಿಕೊಂಡು, ಅವಳಿಗಾಗಿ, ಆ ಒಂದು ದಿನ ಅವನು ಹಾಡದೆ ಸುಮ್ಮನೆ ಅವಳ ಜೊತೆ ಕೂತಿದ್ದ, ಮಿತ್ರರ ಹಾಗೆ. ಈ ಹುಡುಗಿಯ ಮುಂದೆ ಅವನನ್ನು ತಪ್ಪು ಎನ್ನುವುದೇ?

“ಇಲ್ಲ ಮಗಳೇ. ಒಂದು ದಿನಾನೂ ಇಲ್ಲ” ಎಂದಳು.

ಫೀಬಿ ಅಳುತ್ತ ನಕ್ಕಳು. ರೊಟ್ಟಿ ಸೀದುಹೋಯಿತು. ಬ್ಯೂಲಾ ಕೋಲೂರಿ ಎದ್ದು, ಹೊರಗೆ ಹೋಗಿ ಗಾಡಿ ಹತ್ತಿದಳು.

ಗಾಡಿ ಅರ್ಧ ದಾರಿ ಸಾಗಿತು. ಆಮೇಲೆ ಬ್ಯೂಲಾ ಸಿಡಿದಳು.

“ಬಾಯಿ ಮುಚ್ಕೊಂಡಿರೋಕೆ ಏನಾಗಿತ್ತೇ ನಿನಗೆ? ಸುಮ್ಮನಿರೋದು ನಮ್ಮ ಕುಲಕಸುಬು! ದೇವರ ಮುಂದೆ ಗಂಟೆಗಟ್ಟಲೆ ಸುಮ್ಮನಿರ್ತೀಯ, ಆ ಹುಡುಗಿ ಮುಂದೆ ಒಂದು ಗಳಿಗೆ ಆಗ್ಲಿಲ್ವಾ?”

“ಕೇಳಿದಳಲ್ಲ ಅಕ್ಕ.”

“ನನ್ನ ಕಿವಿಗೆ ಬಿತ್ತಲ್ಲೇ! ನನ್ನ ಕಿವಿಗೆ ಯಾಕೆ ಬೀಳ್ಬೇಕಿತ್ತು? ಈಗ ನಾನು ಹೋಗಿ ಹೇಳ್ಬೇಕು. ಸುಳ್ಳು ಹೇಳೋಕೆ ಬರಲ್ಲ ನನಗೆ, ಕಲಿತೇ ಇಲ್ಲ.” ಅವಳ ದನಿ ಒಡೆಯಿತು. “ಆವತ್ತು ನಿನ್ನ ಮನೆಗೆ ನಾನಾಗೇ ಹೋಗ್ತೀನಿ ಅಂದಿದ್ದೆ, ಗೊತ್ತಾ? ಬೇರೆಯವರು ಹೋದ್ರೆ ನಿನ್ನ ಬೈತಾರೆ, ನಾನಾದ್ರೆ ಮೆತ್ತಗೆ ಕೇಳ್ತೀನಿ ಅಂತ. ಮೆತ್ತಗೆ ಕೇಳಿ ನಿನ್ನ ಕತ್ತು ಕೊಯ್ದೆ.”

ಟೇಸಿಗೆ ಇದು ಗೊತ್ತಿರಲಿಲ್ಲ. ಇಷ್ಟು ವರ್ಷ, ಸಭೆ ಬೇಕೆಂದೇ ಅಕ್ಕನನ್ನು ಕಳಿಸಿತೆಂದು ನಂಬಿದ್ದಳು. ಲಗಾಮನ್ನು ಒಂದು ಕೈಗೆ ತೆಗೆದುಕೊಂಡು ಇನ್ನೊಂದು ಕೈಯನ್ನು ಅಕ್ಕನ ಮೊಣಕಾಲ ಮೇಲಿಟ್ಟಳು.

“ಹೇಳ್ಬಿಡು ಅಕ್ಕ. ಸುಳ್ಳು ಹೇಳಿ ಒಳಗೆ ಕೂತಿದ್ದು ನಾನು. ಮೂರು ತಿಂಗಳು ಕೂತೆನಲ್ಲ, ಚೆನ್ನಾಗಿತ್ತು.”

ತಿಂಗಳ ಸಭೆ ಬಂತು. ಹಿರಿಯರು ಕೈ ಕುಲುಕಿದರು, ಹಲಗೆಗಳು ಇಳಿದವು. ಬ್ಯೂಲಾ ಎದ್ದು ನಿಂತು, ಫೀಬಿಗೆ ಪಶ್ಚಾತ್ತಾಪವಿಲ್ಲ ಎಂದಳು. ಅಷ್ಟಕ್ಕೆ ಕೂರಬಹುದಿತ್ತು, ಯಾರೂ ಬೇರೇನೂ ಕೇಳಿರಲಿಲ್ಲ. ಆದರೆ ಅರ್ಧ ನಿಜ ಹೇಳಿ ಕೂರುವುದೂ ಅವಳು ಕಲಿತ ವಿದ್ಯೆಯಲ್ಲ.

“ನನ್ನ ತಂಗಿಗೂ ಇಲ್ಲ. ನನ್ನೆದುರಿಗೇ ಹೇಳಿದಳು” ಎಂದಳು.

ಡೆಬೊರಾ ಕ್ರೂರಿಯಲ್ಲ, ಅವಳ ಕಣ್ಣೂ ಒದ್ದೆಯಾಗಿತ್ತು. “ಹಾಗಿದ್ರೆ ಟೇಸಿ ಆಡಿದ ಮಾತು ನಿಲ್ಲೋದಿಲ್ಲ” ಎಂದಳು. ಯಾರೂ ಎದುರಾಡಲಿಲ್ಲ. “ನಮ್ಮವರಲ್ಲದವರು ದಯವಿಟ್ಟು ಹೊರಗಿರಲಿ.”

ಟೇಸಿ ಎದ್ದಳು. ಕೆಟ್ಟ ಕನಸಿನಿಂದ ಎದ್ದವಳಂತೆ ಹಗುರವಾಗಿದ್ದಳು, ಎದೆ ಮಾತ್ರ ಉರಿಯುತ್ತಿತ್ತು. ಬೆಂಚುಗಳನ್ನು ದಾಟುವಾಗ ಹಿಂದೆ ಕೋಲಿನ ಸದ್ದು ಕೇಳಿಸಿತು.

“ಬ್ಯೂಲಾ, ನೀನು ಕೂತ್ಕೋ. ನಿನಗಲ್ಲ ಹೇಳಿದ್ದು” ಎಂದಳು ಡೆಬೊರಾ.

“ಗೊತ್ತು. ನನ್ನ ತಂಗಿ ಹೊರಗೆ ಹೋಗ್ತಿದಾಳೆ. ನಾನೂ ಹೋಗ್ತೀನಿ.”

ಹೊರಗೆ ಎಳೆಬಿಸಿಲು. ಬೇಲಿಗೆ ಕಟ್ಟಿದ ಕುದುರೆಗಳು ಬಾಲ ಬೀಸುತ್ತಿದ್ದವು. ಇಬ್ಬರೂ ಆ ಕಲ್ಲಿನ ಮೇಲೆ ಒತ್ತಾಗಿ ಕೂತರು, ಅಗಲ ಸಾಲದೆ ಬ್ಯೂಲಾಳ ಒಂದು ಮಗ್ಗುಲು ಗಾಳಿಯಲ್ಲಿತ್ತು. ಅವಳು ಹುಟ್ಟಿದಾಗಿನಿಂದ ಈ ಹೊತ್ತಿನಲ್ಲಿ ಇಲ್ಲಿ ಕೂತವಳಲ್ಲ, ಸುತ್ತ ಪರದೇಶ ನೋಡುವಂತೆ ನೋಡಿದಳು.

“ಇಷ್ಟು ವರ್ಷ ಇಲ್ಲಿ ಕೂತು ಏನು ಮಾಡ್ತಿದ್ದೆ?” ಎಂದು ಕೇಳಿದಳು.

“ನಿಮ್ಮ ಮಾತು ಕೇಳ್ತಿದ್ದೆ.”

“ಏನು?”

“ಗೋಡೆ ತೆಳ್ಳಗಿದೆ ಅಕ್ಕ. ಎಲ್ಲಾ ಕೇಳ್ಸುತ್ತೆ. ಯಾರ ಹಸು, ಯಾರ ಬಾಣಂತನ, ಎಲ್ಲಾ. ಅವ್ವ ಸತ್ತಾಗ ಡೆಬೊರಾ ಅವಳ ಬಗ್ಗೆ ನೆನಪಿನ ಬರಹ ಓದಿದಳಲ್ಲ, ನೀನು ಅತ್ತೆ. ನಾನೂ ಇಲ್ಲಿ ಕೂತು ನಿನ್ನ ಜೊತೆಗೇ ಅತ್ತೆ. ನೀನು ನಿಲ್ಲಿಸಿದಾಗ ನಿಲ್ಲಿಸಿದೆ.”

ಬ್ಯೂಲಾ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಗೋಡೆಯಾಚೆ ಡೆಬೊರಾಳ ದನಿ ಎದ್ದಿತು, ಪಕ್ಕದಲ್ಲೇ ನಿಂತು ಆಡಿದಷ್ಟು ಸ್ಪಷ್ಟವಾಗಿ. ಬ್ಯೂಲಾ ಸಭೆಯ ನಡುವೆ ಎದ್ದುಹೋದದ್ದು ಸರಿಯಲ್ಲ, ಅವಳ ಮನೆಗೆ ಇಬ್ಬರು ಹೋಗಿ ವಿಚಾರಿಸಿ ಬರಬೇಕು, ಯಾರು ಹೋಗುತ್ತೀರಿ?

ಬ್ಯೂಲಾಳ ಮುಖದಲ್ಲಿ ರಕ್ತವಿಲ್ಲದಾಯಿತು. ಎಷ್ಟೋ ಬಾಗಿಲುಗಳಿಗೆ ಹೋದವಳು ಅವಳು. ತನ್ನ ಬಾಗಿಲಿಗೂ ಒಂದು ದಿನ ಬರುತ್ತಾರೆಂದು ಎಣಿಸಿದವಳಲ್ಲ. ಒಳಗೆ ಬೆಂಚು ಕಿರುಗುಟ್ಟಿತು, ಯಾರೋ ಎದ್ದರು, ಇನ್ನೊಬ್ಬರೂ ಎದ್ದರು.

“ಅವರು ಬಂದಾಗ ನೀನು ನಮ್ಮನೇಲಿರ್ತೀಯಾ?” ಎಂದು ಬ್ಯೂಲಾ ಕೇಳಿದಳು. ಎಪ್ಪತ್ತರ ಹತ್ತಿರದ ಹೆಂಗಸು, ಕತ್ತಲೆಗೆ ಹೆದರಿದ ಮಗುವಿನ ದನಿ.

“ಇರ್ತೀನಿ ಅಕ್ಕ” ಎಂದಳು ಟೇಸಿ, ಮತ್ತು ಬೀಳದಂತೆ ಅವಳನ್ನು ಇನ್ನಷ್ಟು ಹತ್ತಿರಕ್ಕೆಳೆದುಕೊಂಡಳು.